ಅಮ್ಮನ ಟಿಕೆಟ್ಟು, ನನ್ನ ಬಲಗೈ

ಜನವರಿ ೨೮

ಗುಂಡಿ,

ಟಿಕೆಟ್ ತೆಗೆದುಕೊಂಡಾಯಿತು. ನಾನೇ ಹೋಗಿ ತೆಗೆದುಕೊಂಡೆ. ಏಜೆಂಟ್ ಆಫೀಸಿನ ಹುಡುಗಿ, "ಜೊತೆಗೆ ಯಾರು ಬರ್ತಾರೆ ಅಮ್ಮಾ?" ಅಂತ ಕೇಳಿದಳು. "ನನ್ನ ಸೂಟ್‌ಕೇಸು" ಅಂದೆ. ಅರವತ್ತಾರು ವರ್ಷದವಳು ಒಬ್ಬಳೇ ವಿಮಾನ ಹತ್ತುತ್ತಾಳೆ ಅಂದರೆ ಮನೆಯಲ್ಲಿ ಜಗಳವಾಗಿರಬೇಕು ಅಂತಲೇ ಜನ ಅಂದುಕೊಳ್ಳುತ್ತಾರೆ. ಜಗಳವಾಡಲು ಮನೆಯಲ್ಲಿ ಯಾರಿದ್ದಾರೆ, ಹೊಲಿಗೆ ಮಿಷನ್ನೂ ಮಾರಿದೆ.

ಏಪ್ರಿಲ್ ಮೂರಕ್ಕೆ ನಿನ್ನ ಅಕ್ಕನ ಮನೆ. ಅಲ್ಲಿ ಎರಡು ವಾರ, ಮೊಮ್ಮಗಳ ಜೊತೆ. ಆಮೇಲೆ ಹತ್ತು ದಿನ ನಾನೊಬ್ಬಳೇ ರೈಲಿನಲ್ಲಿ. ಕೋಟೆ ಇರುವ ಊರು, ಹಳೆಯ ರಾಜರ ಉಡುಪು ಇಟ್ಟಿರುವ ಮ್ಯೂಸಿಯಂ, ಒಂದು ಜಲಪಾತ. ಕೊನೆಗೆ ನಿನ್ನ ಊರು. ನಲವತ್ತು ವರ್ಷ ಮುಂದಿನ ಕೋಣೆಯಲ್ಲಿ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿದೆ. ಊರಿನ ಪ್ರತಿ ಮಗುವಿನ ಸೊಂಟದ ಅಳತೆ ಗೊತ್ತಿತ್ತು, ಊರಾಚೆಯ ಸೇತುವೆ ಎಷ್ಟು ಉದ್ದ ಅಂತ ಗೊತ್ತಿರಲಿಲ್ಲ. ಇನ್ನಾದರೂ ನೋಡುತ್ತೇನೆ.

ನಿನ್ನಿಂದ ನನಗೆ ಬೇಕಾಗಿರುವುದು ಒಂದೇ. ಒಂದು ದಿನ ನಿನ್ನ ಕಾರ್ಖಾನೆಯಲ್ಲಿ ನಿಂತು, ನೀನು ಬಟ್ಟೆ ಕತ್ತರಿಸುವುದನ್ನು ನೋಡಬೇಕು. ನನ್ನ ಹತ್ತಿರ ಕೆಲಸ ಕಲಿತವರು ಆರು ಜನ. ಐದು ಜನ ಕತ್ತರಿ ಕೆಳಗಿಟ್ಟು ಬೇರೆ ದಾರಿ ಹಿಡಿದರು. ಉಳಿದವನು ನೀನೊಬ್ಬ. ಕೋಟೆ ಅರಮನೆ ಇರಲಿ, ನಾನು ಬರುತ್ತಿರುವುದು ಅದನ್ನು ನೋಡುವುದಕ್ಕೆ.

ಈಗೀಗ ನೀನು ಫೋನಿಗೆ ಮಾತಾಡಿ, ಅದು ಟೈಪ್ ಮಾಡಿದ್ದನ್ನು ಹಾಗೇ ಕಳಿಸುತ್ತೀಯ. ಕಳೆದ ಸಲ ನೀನು ಬಸ್ ಡ್ರೈವರನಿಗೆ ಹೇಳಿದ್ದೂ ಅದರಲ್ಲಿ ಬಂದಿತ್ತು. ಕಳಿಸುವ ಮುಂಚೆ ಒಂದು ಸಲ ಓದು.

ನಿನ್ನ ಅಮ್ಮ

*

ಜನವರಿ ೩೦

ಅಕ್ಕಾ,

ಮೆಟ್ಟಿಲ ಮೇಲೆ ಕೂತು ಮಾತಾಡ್ತಿದೀನಿ. ರೂಮಲ್ಲಿರೋನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಾನೆ, ಅವನ ಗೊರಕೆನೂ ಫೋನ್ ಬರ್ಕೊಂಡುಬಿಡತ್ತೆ.

ಅಮ್ಮ ಟಿಕೆಟ್ ಮಾಡ್ಸಿದಾಳೆ. ನಿಂಗೂ ಹೇಳಿರ್ತಾಳೆ. ಹೋದ ಜುಲೈಲಿ ಆಸ್ಪತ್ರೆ ಕಾರಿಡಾರ್‌ನಲ್ಲಿ ನಿಂತು ನೀನೇ ಅಂದಿದ್ದೆ, "ಎರಡು ಬೆರಳು ತಾನೇ ಹೋಗಿದ್ದು, ಜೀವ ಹೋಗಿಲ್ವಲ್ಲ, ಅಮ್ಮನಿಗೆ ನಿಧಾನಕ್ಕೆ ಹೇಳು" ಅಂತ. ಆ ನಿಧಾನ ಏಳು ತಿಂಗಳಾಯ್ತು. ವಿಡಿಯೋ ಕಾಲ್‌ನಲ್ಲಿ ಬರೀ ಮುಖ ತೋರಿಸ್ತೀನಿ, ಬಲಗೈ ಮೇಜಿನ ಕೆಳಗೆ. ಅವಳು ಇನ್ನೂ ನಾನು ಸೋಫಾ ಬಟ್ಟೆ ಕತ್ತರಿಸ್ತಿದೀನಿ ಅಂದ್ಕೊಂಡಿದಾಳೆ. ನಾನು ಪ್ಯಾಕಿಂಗ್ ಹಾಲ್‌ನಲ್ಲಿ ಡಬ್ಬಕ್ಕೆ ಚೀಟಿ ಅಂಟಿಸ್ತಿದೀನಿ.

ನಿಂಗೂ ಹೇಳದೇ ಇರೋದು ಒಂದಿದೆ. ಇವತ್ತು ಹೇಳ್ಬಿಡ್ತೀನಿ, ಮುಖ ನೋಡ್ಕೊಂಡು ಹೇಳೋಕಾಗಲ್ಲ.

ಬಟ್ಟೆ ಕತ್ತರಿಸೋ ಯಂತ್ರದ ಹತ್ರ ನಿಲ್ಲೋರಿಗೆ ಉಕ್ಕಿನ ಬಲೆ ಥರದ ಒಂದು ಗ್ಲೌಸ್ ಕೊಡ್ತಾರೆ. ಐವತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ ಬ್ಲೇಡಿನ ಕಡೆ ತಳ್ಳಬೇಕು, ಕೈ ಬ್ಲೇಡಿಂದ ನಾಲ್ಕು ಇಂಚು ದೂರ ಇರತ್ತೆ. ನಾನು ಸೇರಿದ ಮೊದಲ ವಾರ ಅಮ್ಮನಿಗೆ ಫೋನ್ ಮಾಡಿ, "ಇವ್ರು ಕಬ್ಬಿಣದ ಗ್ಲೌಸ್ ಹಾಕಿಸ್ತಾರೆ ಕಣಮ್ಮ, ಬಟ್ಟೆ ಕೈಗೇ ಸಿಗಲ್ಲ" ಅಂದೆ. ಅವಳು ನಕ್ಕಳು. ಯಾವ ನಗು ಅಂತ ಗೊತ್ತಲ್ಲ, ಎದುರು ಬೀದಿ ಟೈಲರ್ ಹೊಲಿದ ಕೋಟು ನೋಡಿದಾಗ ನಗ್ತಿದ್ದಳಲ್ಲ, ಅದು. "ಗ್ಲೌಸ್ ಹಾಕ್ಕೊಂಡು ಬಟ್ಟೆ ಕತ್ತರಿಸೋದು ಅಂದ್ರೆ ಕೊಡೆ ಹಿಡ್ಕೊಂಡು ಸ್ನಾನ ಮಾಡಿದ ಹಾಗೆ. ಬಟ್ಟೆನ ಕೈ ನೋಡ್ಬೇಕು ಕಣೋ, ಕಣ್ಣಲ್ಲ" ಅಂದಳು. ನಾನೂ ನಕ್ಕೆ. ಮಾರನೇ ದಿನದಿಂದ ಸೂಪರ್‌ವೈಸರ್ ಆ ಕಡೆ ತಿರುಗಿದ ತಕ್ಷಣ ಗ್ಲೌಸ್ ಕಳಚಿಡ್ತಿದ್ದೆ. ಆರು ತಿಂಗಳು ಏನೂ ಆಗ್ಲಿಲ್ಲ. ಜುಲೈಲಿ ಒಂದು ದಿನ ಮಖಮಲ್ಲು ಬಂತು. ಮಖಮಲ್ಲು ಜಾರತ್ತೆ.

ಕಾರ್ಖಾನೆಯೋರು ಬರೆಸ್ಕೊಂಡ ಕಾಗದದಲ್ಲಿ, ಗ್ಲೌಸ್ ಯಾಕೆ ತೆಗೆದೆ ಅಂತ ಒಂದು ಪ್ರಶ್ನೆ ಇತ್ತು. ಸೆಕೆ ಅಂತ ಹೇಳ್ದೆ.

ಬೆರಳು ಹೋದ ವಿಷಯ ಗೊತ್ತಾದ್ರೆ ಅವಳು ಅಳ್ತಾಳೆ, ಬೈತಾಳೆ, ಅಲ್ಲಿಗೆ ಮುಗಿಯತ್ತೆ. ಗ್ಲೌಸ್ ಹಾಕಿರ್ಲಿಲ್ಲ ಅಂತ ಗೊತ್ತಾದ್ರೆ ಆ ನಗು ನೆನಪಾಗತ್ತೆ. ಅವಳು ಮರೆಯೋ ಪೈಕಿ ಅಲ್ಲ, ಮೂವತ್ತು ವರ್ಷದ ಹಿಂದೆ ಯಾವ ಹುಡುಗನ ಚಡ್ಡಿ ಎರಡು ಇಂಚು ಗಿಡ್ಡ ಆಗಿತ್ತು ಅಂತ ಇವತ್ತಿಗೂ ನೆನೆಸ್ಕೊಂಡು ಕೊರಗ್ತಾಳೆ. ಚಡ್ಡಿಗೇ ಅಷ್ಟು. ಇದಕ್ಕೆ ಏನಾಗ್ತಾಳೋ ನಂಗೆ ಗೊತ್ತಿಲ್ಲ ಅಕ್ಕ. ಹೇಗಾದ್ರೂ ಮಾಡಿ ಅವಳು ನನ್ನ ಊರಿಗೆ ಬರದ ಹಾಗೆ ಮಾಡ್ಬೇಕು.

ಗುಂಡಿ

*

ಫೆಬ್ರವರಿ ೪

ಅಮ್ಮಾ,

ತುಂಬಾ ಖುಷಿ ಆಯ್ತು. ನೀನು ಬರೋದು, ಅದೂ ಒಬ್ಬಳೇ. ರೂಮಲ್ಲಿರೋನಿಗೆ ಹೇಳ್ದೆ, "ನಿಮ್ಮಮ್ಮನಿಗೆ ಭಯ ಇಲ್ವಾ?" ಅಂದ. "ಭಯಕ್ಕೇ ನಮ್ಮಮ್ಮನ ಕಂಡ್ರೆ ಭಯ" ಅಂದೆ.

ಆದ್ರೆ ಅಮ್ಮ, ನನ್ನ ಊರಲ್ಲಿ ನೋಡೋಕೆ ಏನಿದೆ ಹೇಳು. ಒಂದು ಗೋದಾಮು, ಅದರ ಪಕ್ಕ ಇನ್ನೊಂದು ಗೋದಾಮು. ರೂಮಲ್ಲಿ ಕಾಲು ಚಾಚಿದ್ರೆ ಗೋಡೆ ಸಿಗತ್ತೆ. ಕಾರ್ಖಾನೆ ಒಳಗೆ ಹೊರಗಿನವರನ್ನ ಬಿಡೋದೇ ಇಲ್ಲ, ಇನ್ಶೂರೆನ್ಸ್ ಅಂತೆ. ಅದರ ಬದಲು ಜಲಪಾತದಿಂದ ಎರಡು ಗಂಟೆ ದೂರದಲ್ಲಿ ಬಿಸಿನೀರಿನ ಬುಗ್ಗೆ ಇದೆ. ಮಂಡಿ ನೋವಿಗೆ ಬಹಳ ಒಳ್ಳೇದಂತೆ. ಅಲ್ಲೇ ನಾಲ್ಕೈದು ದಿನ ಇರು. ನಾನೇ ರಜ ಹಾಕಿ ವಿಮಾನ ನಿಲ್ದಾಣಕ್ಕೆ ಬಂದು ನಿನ್ನ ನೋಡ್ತೀನಿ. ಅದೇ ಒಳ್ಳೇದು. ಹೂಂ ಅನ್ನು.

ಬಸ್ ಬಂತು. ಒಂದೇ ಟಿಕೆಟ್, ಹೌದು, ಕೊನೇ ಸ್ಟಾಪು.

ನಿನ್ನ ಗುಂಡಿ

*

ಫೆಬ್ರವರಿ ೧೮

ಗುಂಡಿ,

ನನ್ನ ಮಂಡಿ ಚೆನ್ನಾಗಿದೆ.

ವಿಮಾನ ನಿಲ್ದಾಣದಲ್ಲಿ ನೋಡುತ್ತೀಯಾ. ಗಾಜಿನ ಆಚೆ ನಾನು, ಈಚೆ ನೀನು, ಕೈ ಬೀಸಿ ಹೋಗುವುದಕ್ಕೆ ನಾನೇನು ಮಂತ್ರಿಯಾ? ಹೊರಗಿನವರನ್ನು ಬಿಡುವುದಿಲ್ಲ ಅಂತ ಬರೆದಿದ್ದೀಯ. ನಿನಗೆ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳು ಹೊರಗಿನವಳು ಹೇಗಾದಳು ಅಂತ ನಿನ್ನ ಮಾಲೀಕರನ್ನು ಕೇಳು. ಬಿಡದಿದ್ದರೆ ಗೇಟಿನ ಹತ್ತಿರ ನಿಲ್ಲುತ್ತೇನೆ. ನಿಲ್ಲುವುದು ನನಗೆ ಅಭ್ಯಾಸ.

ನಿನಗೆ ಏನೋ ಆಗಿದೆ. ಏನು ಅಂತ ನಾನು ಕೇಳುವುದಿಲ್ಲ, ನೀನಾಗಿ ಹೇಳುತ್ತೀಯ ಅಂತ ಕಾಯುತ್ತೇನೆ. ಏಪ್ರಿಲ್‌ಗೆ ಇನ್ನೂ ಆರು ವಾರ ಇದೆ.

ಅಮ್ಮ

*

ಏಪ್ರಿಲ್ ೧೧

ಏ ಗುಂಡಿ,

ಅವಳು ಬಂದು ಎಂಟು ದಿನ ಆಯ್ತು. ನೀನು ಫೋನ್ ಎತ್ತಿದ್ದು ಎರಡೇ ಸಲ. ಅದಕ್ಕೇ ಬರೀತಿದೀನಿ, ಓದದೇ ಇರೋಕಾಗಲ್ಲ ನಿಂಗೆ.

ಇಲ್ಲಿ ಅವಳದೇ ರಾಜ್ಯ. ಬೆಳಿಗ್ಗೆ ನಾನು ಶಾಲೆ ಬಸ್ ಓಡಿಸೋಕೆ ಹೋದ್ರೆ ಅವಳೂ ಹತ್ತಿ ಹಿಂದಿನ ಸೀಟಲ್ಲಿ ಕೂರ್ತಾಳೆ. ಭಾಷೆ ಬರಲ್ಲ, ಆದ್ರೂ ಇಡೀ ಬಸ್ಸಿನ ಮಕ್ಕಳ ಕಾಲರ್ ಸರಿ ಮಾಡ್ತಾಳೆ. ನಿನ್ನೆ ಒಬ್ಬ ಹುಡುಗನ ಕಿತ್ತುಹೋದ ಜೇಬು ಹೊಲಿದುಕೊಟ್ಟಳು, ಇವತ್ತು ಇನ್ನೂ ಮೂರು ಮಕ್ಕಳು ಬೇಕಂತಲೇ ಜೇಬು ಕಿತ್ಕೊಂಡು ಬಂದಿದ್ರು.

ಆದ್ರೆ ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಲ್ತಾಳೆ. "ಅವನಿಗೆ ಮದುವೆ ಆಗಿದೆಯಾ?" "ಇಲ್ಲಮ್ಮ." "ಜೈಲಿಗೆ ಹೋಗಿದ್ನಾ?" "ಅಯ್ಯೋ ಇಲ್ಲ." "ಕುಡೀತಾನಾ?" "ಕಾಫಿ ಕುಡೀತಾನೆ." ಹೀಗೇ ಸುತ್ತು ಹೊಡೀತಿದಾಳೆ, ಬಾವಿ ಸುತ್ತ ಹಸು ತಿರುಗಿದ ಹಾಗೆ. ಒಂದಲ್ಲ ಒಂದು ದಿನ ಬಗ್ಗಿ ನೋಡ್ತಾಳೆ.

ಕೇಳು. ಹದಿನೇಳಕ್ಕೆ ಇಲ್ಲಿಂದ ಹೊರಡ್ತಾಳೆ. ಅಷ್ಟರೊಳಗೆ ನೀನು ಹೇಳು. ಆ ನಗುವಿನ ಕಥೆ ಹೇಳ್ಬೇಡ, ಬೆರಳಿನ ವಿಷಯ ಆದ್ರೂ ಹೇಳು. ನಾನಾಗಿ ಬಾಯಿ ಬಿಡಲ್ಲ. ಆದ್ರೆ ಅವಳು ನೇರವಾಗಿ, "ಅವನ ಕೈಗೆ ಏನಾಗಿದೆ?" ಅಂತ ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಅವಳ ಮುಖ ನೋಡ್ಕೊಂಡು ದಿನಾ ಊಟ ಮಾಡೋಳು ನಾನು, ನೀನಲ್ಲ.

ಅಕ್ಕ

*

ಏಪ್ರಿಲ್ ೨೦

ಗುಂಡಿ,

ಕೋಟೆ ಮುಗಿಯಿತು. ಮುನ್ನೂರ ಹನ್ನೆರಡು ಮೆಟ್ಟಿಲು, ಎಣಿಸಿಕೊಂಡೇ ಹತ್ತಿದೆ. ಮೇಲೆ ಹೋದರೆ ಅಲ್ಲೊಂದು ಲಿಫ್ಟ್ ಇತ್ತು. ಯಾರೂ ಹೇಳಲಿಲ್ಲ.

ಇವತ್ತು ಉಡುಪಿನ ಮ್ಯೂಸಿಯಂ. ಬೆಳಿಗ್ಗೆ ಹೋದವಳು ಬಾಗಿಲು ಹಾಕುವವರೆಗೂ ಅಲ್ಲೇ ಇದ್ದೆ. ಇನ್ನೂರು ವರ್ಷದ ಹಿಂದಿನ ಒಂದು ಕೋಟು, ಗಾಜಿನ ಪೆಟ್ಟಿಗೆಯಿಲ್ಲದೆ ಹಗ್ಗದ ಆಚೆ ನಿಲ್ಲಿಸಿದ್ದರು. ಭುಜದ ಹತ್ತಿರ ಬಟ್ಟೆಯ ಎಳೆ ಓರೆಯಾಗಿತ್ತು. ರಾಜನ ಕೋಟು, ಕತ್ತರಿಸಿದವನು ಅವಸರದಲ್ಲಿದ್ದ. ನಿಜವಾ ಅಂತ ನೋಡಲು ಹಗ್ಗದಾಚೆ ಕೈ ಚಾಚಿ ಮುಟ್ಟಿಬಿಟ್ಟೆ. ಗಂಟೆ ಹೊಡೆದುಕೊಂಡಿತು, ಇಬ್ಬರು ಕಾವಲಿನವರು ಓಡಿ ಬಂದರು. ಒಬ್ಬಳು ನನ್ನ ಕೈ ಹಿಡಿದು ನಿಧಾನಕ್ಕೆ ಹಿಂದಕ್ಕೆ ತಂದಳು, ಮಗುವಿನ ಕೈ ಬೆಂಕಿಯಿಂದ ಎಳೆದ ಹಾಗೆ. ನಾನು ಸನ್ನೆಯಲ್ಲಿ, ಎಳೆ ಓರೆ ಇದೆ ಅಂತ ತೋರಿಸಿದೆ. ಅವಳು ಬಗ್ಗಿ ನೋಡಿ ತಲೆ ಆಡಿಸಿದಳು. ಅರ್ಥವಾಯಿತೋ, ಮುದುಕಿ ಹೋದರೆ ಸಾಕು ಅಂತಲೋ.

ಹೋಟೆಲಿನ ಕೋಣೆಯಲ್ಲಿ ಒಂದು ಮೇಜು, ಒಂದು ದೀಪ, ಸರಿಯಾಗಿ ಮುಚ್ಚದ ಒಂದು ಕಿಟಕಿ ಇದೆ. ಬರೆಯಲು ಇಷ್ಟು ಸಾಕು. ಒಬ್ಬಳೇ ಊಟಕ್ಕೆ ಕೂತರೆ ಮೊದಲ ದಿನ ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿತು. ಎರಡನೇ ದಿನ ನಾನೇ ಅವರನ್ನು ನೋಡಲು ಶುರು ಮಾಡಿದೆ.

ನೀನು ಹೇಳಿದ ಬಿಸಿನೀರಿನ ಬುಗ್ಗೆಗೆ ನಾನು ಹೋಗುವುದಿಲ್ಲ. ಜಲಪಾತವನ್ನೂ ಮುಂದಕ್ಕೆ ಹಾಕಿದ್ದೇನೆ. ಇಪ್ಪತ್ತನಾಲ್ಕಕ್ಕೆ ನೇರವಾಗಿ ನಿನ್ನಲ್ಲಿಗೆ ಬರುತ್ತೇನೆ, ಮಧ್ಯಾಹ್ನದ ರೈಲಿಗೆ. ಅಕ್ಕನ ಮನೆಯಿಂದ ಹೊರಡುವಾಗ ಅವಳು ನನ್ನನ್ನು ಅಪ್ಪಿಕೊಂಡಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಪ್ಪಿಕೊಂಡಿದ್ದಳು. ಆವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಅಮ್ಮ

*

ಏಪ್ರಿಲ್ ೨೧

ಅಮ್ಮಾ,

ಅವಸರದಲ್ಲಿ ಹೇಳ್ತಿದೀನಿ, ಕ್ಯಾಂಟೀನ್ ಹಿಂದೆ ನಿಂತಿದೀನಿ. ನಮ್ಮ ಕಂಪನಿಯೋರು ನನ್ನನ್ನ ಬೇರೆ ಊರಿನ ಶಾಖೆಗೆ ಕಳಿಸ್ತಿದಾರೆ. ಇಪ್ಪತ್ಮೂರರಿಂದ ಮೂವತ್ತನೇ ತಾರೀಖಿನವರೆಗೆ. ಹೊಸ ಯಂತ್ರ ಬಂದಿದೆ, ಅದರ ಟ್ರೇನಿಂಗು. ಆಗಲ್ಲ ಅಂತ ಹೇಳೋಕಾಗಲ್ಲ. ಹಾಗಾಗಿ ಇಪ್ಪತ್ನಾಲ್ಕಕ್ಕೆ ಬರ್ಬೇಡ. ಜಲಪಾತ ನೋಡ್ಕೊಂಡು ಅಕ್ಕನ ಮನೆಗೇ ವಾಪಸ್ ಹೋಗು. ನಾನು ಮೂವತ್ತಕ್ಕೆ ಅಲ್ಲಿಗೇ ಬರ್ತೀನಿ, ಖಂಡಿತ.

ಅಮ್ಮ ಒಂದು ವಿಷಯ. ಹೋದ ಜುಲೈಲಿ. ಇಲ್ಲ. ಅಳಿಸು. ಅಳಿಸು ಅಂದೆ. ಛೆ.

ಸರಿ, ಇಷ್ಟೇ. ರೈಲಲ್ಲಿ ಕಿಟಕಿ ಪಕ್ಕ ಕೂತ್ಕೋ. ಪಾಸ್‌ಪೋರ್ಟ್ ಹುಷಾರು.

ನಿನ್ನ ಗುಂಡಿ

*

ಏಪ್ರಿಲ್ ೨೨

ಗುಂಡಿ,

ನಿನ್ನ ಪತ್ರದಲ್ಲಿ "ಅಳಿಸು" ಅಂತ ಎರಡು ಸಲ ಬಂದಿದೆ. ಓದದೆ ಕಳಿಸಬೇಡ ಅಂತ ಜನವರಿಯಲ್ಲೇ ಹೇಳಿದ್ದೆ.

ಹೋದ ಜುಲೈನಲ್ಲಿ ಏನು? ನಾನು ಅದನ್ನೇ ಹಿಡಿದುಕೊಂಡು ಕೂತಿದ್ದೇನೆ. ಜುಲೈವರೆಗೆ ನೀನು ವಾರಕ್ಕೊಂದು ಸಲ ಕತ್ತರಿಸಿದ ಬಟ್ಟೆಯ ಫೋಟೋ ಕಳಿಸುತ್ತಿದ್ದೆ. ಆಮೇಲೆ ಒಂದೂ ಇಲ್ಲ. ನಾನು ಕೇಳಲಿಲ್ಲ. ಮಗ ದೊಡ್ಡವನಾದ, ಬೇಸರವಾಗಿರಬೇಕು ಅಂದುಕೊಂಡೆ.

ನಾಡಿದ್ದು ಬರುತ್ತೇನೆ. ನೀನು ಊರಿನಲ್ಲಿ ಇರು, ಇಲ್ಲದಿರು. ಕಾರ್ಖಾನೆಯ ವಿಳಾಸ ನಿನ್ನ ಹಳೆಯ ಪತ್ರದ ಮೇಲೆ ಇದೆ.

ಅಮ್ಮ

*

ಏಪ್ರಿಲ್ ೨೫

ಅಕ್ಕಾ,

ಅಮ್ಮ ಅಲ್ಲಿಗೆ ಬಂದಳಾ? ಮೊದಲು ಅದನ್ನ ಹೇಳು. ಇದನ್ನ ಓದೋಕೆ ಮುಂಚೆನೇ ಫೋನ್ ಮಾಡಿ ಹೇಳು.

ನಿನ್ನೆ ರೈಲ್ವೆ ಸ್ಟೇಷನ್‌ಗೆ ನಾನು ಹೋಗ್ಲಿಲ್ಲ. ಊರಲ್ಲೇ ಇಲ್ಲ ಅಂದಿದ್ನಲ್ಲ. ಎರಡು ಗಂಟೆಗೆ ಅವಳು ಸೂಟ್‌ಕೇಸ್ ಎಳ್ಕೊಂಡು ನೇರವಾಗಿ ಕಾರ್ಖಾನೆ ಗೇಟಿಗೆ ಬಂದಿದಾಳೆ. ಫೋನಲ್ಲಿ ನನ್ನ ಫೋಟೋ ತೋರಿಸಿ, ತನ್ನ ಎದೆ ಮುಟ್ಟಿ, ಹೊಟ್ಟೆ ಮುಟ್ಟಿ, ಹೆತ್ತವಳು ಅಂತ ಸನ್ನೆ ಮಾಡಿದಾಳೆ. ಇನ್ಶೂರೆನ್ಸೂ ಇಲ್ಲ ಏನೂ ಇಲ್ಲ, ಸೂಪರ್‌ವೈಸರ್ ಆ ಸೂಟ್‌ಕೇಸನ್ನ ತಾನೇ ಎತ್ಕೊಂಡು ಒಳಗೆ ಕರ್ಕೊಂಡು ಬಂದ.

ನಾನು ಬೆನ್ನು ಹಾಕಿ ನಿಂತಿದ್ದೆ. ಎಡಗೈಲಿ ಚೀಟಿ ಇಟ್ಟು, ಬಲ ಅಂಗೈ ಬುಡದಿಂದ ಒತ್ತುತ್ತಿದ್ದೆ. ತಿರುಗಿ ನೋಡಿದ್ರೆ ಅಮ್ಮ. ಅವಳು ಮುಖ ನೋಡ್ಲಿಲ್ಲ ಅಕ್ಕ, ಕೈ ನೋಡ್ತಿದ್ದಳು. ಬಚ್ಚಿಡೋಕೂ ಹೊಳೀಲಿಲ್ಲ ನಂಗೆ.

ಹತ್ರ ಬಂದು ಕೈ ತಗೊಂಡಳು. ಬಟ್ಟೆ ಒಳಮಗ್ಗುಲು ಹೊರಮಗ್ಗುಲು ತಿರುಗಿಸಿ ನೋಡ್ತಾಳಲ್ಲ, ಹಾಗೇ ನೋಡಿದಳು.

"ಹೊಲಿಗೆ ಯಾರು ಹಾಕಿದ್ದು?"

"ಆಸ್ಪತ್ರೇಲಿ."

"ಚೆನ್ನಾಗಿ ಹಾಕಿದಾರೆ."

ಅಷ್ಟೇ. ಅಳ್ಲಿಲ್ಲ. ಅತ್ತಿದ್ರೆ ನಂಗೆ ಗೊತ್ತಿರ್ತಿತ್ತು ಏನ್ಮಾಡ್ಬೇಕು ಅಂತ. "ಯಂತ್ರ ಎಲ್ಲಿದೆ?" ಅಂದಳು. ಸೂಪರ್‌ವೈಸರ್‌ಗೆ ಅರ್ಥ ಆಗೋಯ್ತು, ಅವನು ಒಳ್ಳೆಯವನು, ಅದೇ ಕಷ್ಟ. ಕಟಿಂಗ್ ಹಾಲಿಗೆ ಕರ್ಕೊಂಡು ಹೋಗಿ ಎಲ್ಲಾ ತೋರ್ಸಿದ. ಬಟ್ಟೆ ಹೇಗೆ ತಳ್ಳೋದು, ಬ್ಲೇಡ್ ಎಲ್ಲಿ. ಮೊಳೆಗೆ ನೇತಾಕಿದ್ದ ಗ್ಲೌಸ್ ತೆಗೆದು ತನ್ನ ಕೈಗೆ ಹಾಕ್ಕೊಂಡು ಬ್ಲೇಡ್ ಹತ್ರ ಹಿಡಿದು ತೋರ್ಸಿದ, ಹೀಗಿದ್ರೆ ಏನೂ ಆಗಲ್ಲ ಅಂತ. ಆಮೇಲೆ ಗ್ಲೌಸ್ ಕಳಚಿದ, ನನ್ನ ಕಡೆ ಬೆರಳು ತೋರಿಸಿದ, ತಲೆ ಅಲ್ಲಾಡಿಸಿದ. ಸಣ್ಣ ಮಕ್ಕಳಿಗೂ ಅರ್ಥ ಆಗೋ ಹಾಗೆ.

ಅಮ್ಮ ನನ್ನ ಕಡೆ ತಿರುಗಿದಳು. "ಯಾಕೆ ಕಳಚಿದ್ದೆ?"

"ಸೆಕೆ ಇತ್ತು."

ತಲೆ ಮೇಲೆ ಎ.ಸಿ. ಗೊರ್ ಅಂತಿತ್ತು. ಆ ಹಾಲ್‌ನಲ್ಲಿ ವರ್ಷಪೂರ್ತಿ ಎಲ್ಲರೂ ಸ್ವೆಟರ್ ಹಾಕ್ಕೊಂಡೇ ಕೆಲಸ ಮಾಡೋದು. ಅವಳು ಎ.ಸಿ. ನೋಡಿದಳು. ಸ್ವೆಟರ್ ಹಾಕಿರೋರನ್ನ ನೋಡಿದಳು. ಆಮೇಲೆ ನನ್ನ ನೋಡಿದಳು. ಅವಳ ಮುಖ ಇದ್ದಕ್ಕಿದ್ದ ಹಾಗೆ ವಯಸ್ಸಾದವರ ಮುಖ ಆಯ್ತು ಅಕ್ಕ. ಅರವತ್ತಾರು ಅಂತ ನಂಗೆ ಗೊತ್ತೇ ಇತ್ತು, ಕಂಡಿದ್ದು ಆವಾಗಲೇ.

ರೂಮಿಗೆ ಬಂದ್ವಿ. ರೂಮಲ್ಲಿರೋನು ಪಾಳಿಗೆ ಹೋಗಿದ್ದ. ಅಡುಗೆ ಮಾಡಿದಳು, ಊಟ ಹಾಕಿದಳು. ಎಡಗೈಲಿ ಚಮಚ ಹಿಡಿಯೋದನ್ನ ನೋಡಿಯೂ ನೋಡದ ಹಾಗೆ ಇದ್ದಳು. "ಇಲ್ಲಿಂದ ಸ್ಟೇಷನ್‌ಗೆ ಬೆಳಿಗ್ಗೆ ಮೊದಲ ಬಸ್ ಎಷ್ಟೊತ್ತಿಗೆ?" ಅಂತ ಕೇಳಿದಳು. ಐದೂವರೆ ಅಂದೆ. ಸುಮ್ನೆ ಕೇಳ್ತಿದಾಳೆ ಅಂದ್ಕೊಂಡೆ.

ಏಳಕ್ಕೆ ಎದ್ದೆ. ಹಾಸಿಗೆ ಮಡಚಿಟ್ಟಿತ್ತು. ಸೂಟ್‌ಕೇಸ್ ಇಲ್ಲ. ಫೋನ್ ಸ್ವಿಚ್ಡ್ ಆಫ್.

ಬೇಗ ಹೇಳು ಅಕ್ಕ.

ಗುಂಡಿ

*

ಏಪ್ರಿಲ್ ೨೭

ಗುಂಡಿ,

ಇಲ್ಲಿಗೆ ಬಂದಿಲ್ಲ. ಕೋಟೆ ಊರಿನ ಹೋಟೆಲ್, ಮ್ಯೂಸಿಯಂ ಊರಿನ ಹೋಟೆಲ್, ಜಲಪಾತದ ಹತ್ರ ಬುಕ್ ಮಾಡಿದ್ದ ಮನೆ, ಎಲ್ಲಾ ಕಡೆ ಫೋನ್ ಮಾಡಿದೆ. ಎಲ್ಲೂ ಇಲ್ಲ.

ಪೊಲೀಸ್ ಸ್ಟೇಷನ್‌ಗೂ ಹೋಗಿದ್ದೆ. "ಮರೆವಿನ ಕಾಯಿಲೆ ಇದೆಯಾ?" ಅಂತ ಕೇಳಿದ್ರು. "ಇಲ್ಲ, ನೆನಪಿನ ಕಾಯಿಲೆ ಇದೆ" ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ. ವಯಸ್ಕರು, ಪಾಸ್‌ಪೋರ್ಟ್ ಇದೆ, ವೀಸಾ ಇದೆ, ಎಲ್ಲಿಗೆ ಬೇಕಾದ್ರೂ ಹೋಗಬಹುದು ಅಂದ್ರು. ಐದನೇ ತಾರೀಖು ಅವಳ ವಿಮಾನ. ಅಲ್ಲೀವರೆಗೆ ಕಾಯಿರಿ ಅಂತ ನಂಗೆ ಹೇಳಿ ಮುಂದಿನವರನ್ನ ಕರೆದ್ರು.

ನಿನ್ನ ಮೇಲೆ ಕೂಗಾಡೋಕೆ ಫೋನ್ ತಗೊಂಡೆ, ಇಟ್ಟೆ. ಏಪ್ರಿಲ್ ಮೂರಕ್ಕೇ ನಾನು ಹೇಳಿಬಿಡಬೇಕಿತ್ತು. ಈ ಮನೇಲಿ, ನನ್ನ ಪಕ್ಕದಲ್ಲಿ ಕೂರಿಸ್ಕೊಂಡು. ಎದೆ ಹಿಡ್ಕೊಂಡು ಅತ್ತಿದ್ರೂ ಎದುರಿಗೆ ಇರ್ತಿದ್ದಳು.

ಅವಳಿಗೆ ಬರಿ. ಫೋನ್ ಯಾವಾಗ ಹಾಕಿದ್ರೂ ಮೊದಲು ಅದೇ ಕಾಣ್ಲಿ. ಈ ಸಲ ಸೆಕೆ ಪಕೆ ಬೇಡ.

ಅಕ್ಕ

*

ಏಪ್ರಿಲ್ ೨೮

ಅಮ್ಮಾ,

ಸೆಕೆ ಇರ್ಲಿಲ್ಲ.

ನೀನು ನಕ್ಕಿದ್ದು ಹೋದ ವರ್ಷ ಜನವರಿಲಿ. ಕೊಡೆ ಹಿಡ್ಕೊಂಡು ಸ್ನಾನ ಮಾಡಿದ ಹಾಗೆ ಅಂದೆ. ಮಾರನೇ ದಿನದಿಂದ ನಾನು ಗ್ಲೌಸ್ ಕಳಚೋಕೆ ಶುರು ಮಾಡಿದೆ. ನಿಂಗೆ ಅದು ನೆನಪಾಗಿದೆ ಅಂತ ಯಂತ್ರದ ಮುಂದೆ ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು. ಆದ್ರೂ ನನ್ನ ಬಾಯಿಂದ ಹೇಳ್ಬೇಕಿತ್ತು, ಹೇಳ್ಲಿಲ್ಲ.

ಇನ್ನೂ ಒಂದಿದೆ, ಅದನ್ನ ಅಕ್ಕನಿಗೂ ಹೇಳಿಲ್ಲ. ಆ ಆರು ತಿಂಗಳು ನಂಗೆ ಖುಷಿ ಇತ್ತು ಅಮ್ಮ. ಬರಿಗೈಲಿ ಹಿಡಿದ್ರೆ ಐವತ್ತು ಪದರದಲ್ಲಿ ಒಂದು ಪದರ ಸರಿದ್ರೂ ಗೊತ್ತಾಗ್ತಿತ್ತು. ನನ್ನಷ್ಟು ನೇರವಾಗಿ ಕತ್ತರಿಸೋರು ಆ ಹಾಲ್‌ನಲ್ಲಿ ಇರ್ಲಿಲ್ಲ. ಸೂಪರ್‌ವೈಸರ್ ಎರಡು ಸಲ ಕಂಡುಹಿಡಿದು ಬೈದ. ಮೂರನೇ ಸಲ ಬರೆದು ಸಹಿ ಹಾಕಿಸ್ಕೊಂಡ. ಪಕ್ಕದ ಯಂತ್ರದೋನು ಬೇಡ ಅಂತ ಸನ್ನೆ ಮಾಡ್ತಾನೇ ಇದ್ದ. ನಾನು ಮನಸ್ಸಲ್ಲೇ, ನಿಮಗೇನು ಗೊತ್ತು, ನಾನು ನಮ್ಮಮ್ಮನ ಹತ್ರ ಕಲಿತೋನು ಅಂದ್ಕೊಳ್ತಿದ್ದೆ.

ಇದನ್ನ ಬಚ್ಚಿಟ್ಟಿದ್ದು ನಿಂಗೋಸ್ಕರ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಈಗ ಮಾತಾಡ್ತಾ ಮಾತಾಡ್ತಾ ಅಷ್ಟೂ ಖಾತ್ರಿ ಇಲ್ಲ. ನೀನು ಬೈತೀಯ ಅನ್ನೋ ಭಯಾನೂ ಇತ್ತು. ಚಿಕ್ಕವನಿದ್ದಾಗ ಕತ್ತರಿ ಕ್ರಾಸ್ ಹೋದ್ರೆ ಮಿಷನ್ ಕೆಳಗೆ ಅವಿತುಕೊಳ್ತಿದ್ನಲ್ಲ, ಹಾಗೆ.

ಎಲ್ಲಿದೀಯ ಅಂತ ಹೇಳ್ದೇ ಇದ್ರೂ ಪರವಾಗಿಲ್ಲ. ಊಟ ಮಾಡಿದೆ ಅಂತ ಹೇಳು. ಅಷ್ಟೇ ಸಾಕು.

ಗುಂಡಿ

*

ಮೇ ೧

ಗುಂಡಿ,

ಊಟ ಮಾಡಿದೆ.

ಫೋನು ಇವತ್ತು ಬೆಳಿಗ್ಗೆ ಹಾಕಿದೆ. ನಲವತ್ತೊಂದು ಕರೆ, ಅದರಲ್ಲಿ ಮೂವತ್ತು ಅಕ್ಕನದು. ಅವಳ ಹತ್ತಿರ ಈಗಷ್ಟೇ ಮಾತಾಡಿ, ಬೈಸಿಕೊಂಡು, ಇದನ್ನು ಬರೆಯಲು ಕೂತಿದ್ದೇನೆ.

ಆವತ್ತು ಸ್ಟೇಷನ್‌ನಲ್ಲಿ, ಮೊದಲು ಹೊರಡುವ ರೈಲಿಗೆ ಒಂದು ಟಿಕೆಟ್ ಕೊಡಿ ಅಂತ ಸನ್ನೆ ಮಾಡಿದೆ. ಎಲ್ಲಿಗೆ ಅಂತ ಕೇಳಿದ. ನಕ್ಷೆಯಲ್ಲಿ ಆ ರೈಲಿನ ಗೆರೆಯ ಕೊನೆಗೆ ಬೆರಳಿಟ್ಟೆ. ಗೆರೆಯ ಕೊನೆಯಲ್ಲಿ ಸಮುದ್ರ ಇತ್ತು. ದಂಡೆಯ ಮೇಲೆ ಒಬ್ಬ ಹೆಂಗಸು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾಳೆ. ಅಲ್ಲಿದ್ದೇನೆ. ಮೂರನೇ ಮಹಡಿ, ನೀಲಿ ಬಾಗಿಲು.

ನಾನು ಹೇಳದೆ ಹೋಗಿದ್ದು ತಪ್ಪು. ಆದರೆ ಆ ಕೋಣೆಯಲ್ಲಿ ಇನ್ನೊಂದು ಗಂಟೆ ಇದ್ದಿದ್ದರೆ ನಿನ್ನನ್ನು ಹಿಡಿದುಕೊಂಡು ಅತ್ತುಬಿಡುತ್ತಿದ್ದೆ. ನೀನು ನನ್ನನ್ನು ಸಮಾಧಾನ ಮಾಡುತ್ತಿದ್ದೆ, ಆ ಕೈಯಿಂದ. ಅದು ನನಗೆ ಬೇಕಿರಲಿಲ್ಲ. ಮೊದಲ ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಎರಡು ದಿನ ನನ್ನ ಮೇಲೆ, ಪರದೆಯನ್ನೂ ಸರಿಸಲಿಲ್ಲ. ಮನೆಯೊಡತಿ ಬಾಗಿಲು ತಟ್ಟಿ ಇಣುಕಿ, ಬದುಕಿದ್ದಾಳೆ ಅಂತ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದಳು. ನಾಲ್ಕನೇ ದಿನ ಹಸಿವಾಯಿತು. ಮನುಷ್ಯರಿಗೆ ನಾಚಿಕೆ ಇಲ್ಲ ನೋಡು, ಹಸಿವಾಗಿಬಿಡುತ್ತೆ.

ನಿನಗೆ ಗೊತ್ತಿಲ್ಲದ್ದು ಒಂದನ್ನು ಹೇಳುತ್ತೇನೆ. ನನಗೆ ಕಲಿಸಿದ ಮಾಸ್ತರು ಅಂಗಡಿಗೆ ಕರೆಂಟಿನ ಕತ್ತರಿ ತಂದರು. ಗಂಡು ಹುಡುಗರಿಗೆಲ್ಲ ಅದನ್ನು ಕಲಿಸಿದರು. ನಾನು ಕೇಳಿದೆ. "ನಿಂಗೆ ಕೈಕತ್ತರಿ ಸಾಕಮ್ಮ" ಅಂದರು. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಅದೇ. ಸಿಟ್ಟು ಮಾಡಿಕೊಂಡು ಬಿಟ್ಟು ಬಂದು ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟೆ. ಅಂದಿನಿಂದ ಯಂತ್ರದಲ್ಲಿ ಕತ್ತರಿಸುವವರನ್ನು ಕಂಡರೆ ನಗುವುದು ಅಭ್ಯಾಸವಾಯಿತು. ಯಂತ್ರದ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ ಮಗನೇ. ನನಗೆ ಸಿಗದೆ ಹೋದದ್ದನ್ನು ನೋಡಿ ನಗುತ್ತಿದ್ದೆ. ಆ ನಗುವನ್ನು ನೀನು ಪಾಠ ಅಂದುಕೊಂಡೆ. ನೀನು ಅದನ್ನು ಪಾಠ ಅಂದುಕೊಂಡಾಗ ನನಗೂ ಹೆಮ್ಮೆಯಾಯಿತು, ಇಲ್ಲ ಅಂತ ಹೇಗೆ ಹೇಳಲಿ.

ಈಗ ಕೇಳು. ಎರಡು ಬೆರಳಲ್ಲಿ ಒಂದು ನನ್ನ ತಲೆ ಮೇಲೆ. ಇನ್ನೊಂದು ನಿನ್ನ ತಲೆ ಮೇಲೆ. ನಕ್ಕವಳು ನಾನು, ಮೂರು ಸಲ ಬೈಸಿಕೊಂಡ ಮೇಲೂ ಕಳಚಿದವನು ನೀನು. ನನ್ನ ಪಾಲನ್ನೂ ನೀನೇ ಹೊತ್ತುಕೊಂಡು ಒಂಬತ್ತು ತಿಂಗಳು ತಿರುಗಿದೆ. ಅದು ಸಾಕು, ನನ್ನದನ್ನು ನನಗೆ ಕೊಡು. ನಿನ್ನದನ್ನು ನಾನು ತೆಗೆದುಕೊಳ್ಳುವುದಿಲ್ಲ. ಎರಡನ್ನೂ ನಾನೇ ಹೊತ್ತರೆ ನೀನು ಮಿಷನ್ ಕೆಳಗೇ ಉಳಿಯುತ್ತೀಯ.

ಕೊರಗುವುದಿಲ್ಲ ಅಂತ ಮಾತು ಕೊಡಲಾರೆ. ಕೊರಗುತ್ತೇನೆ. ಆದರೆ ನೀವಿಬ್ಬರೂ ಅಂದುಕೊಂಡ ಹಾಗೆ ನಾನು ಗಾಜಿನ ಲೋಟ ಅಲ್ಲ. ನಿನ್ನ ಮೇಜಿನ ಕೆಳಗಿನ ಕೈಗಿಂತ ಮೇಜಿನ ಮೇಲಿನ ಕೈ ನೋಡುವುದು ನನಗೆ ಸುಲಭ.

ಇಲ್ಲಿಂದ ಎದುರಿಗೆ ಒಂದು ಸಣ್ಣ ದ್ವೀಪ ಕಾಣುತ್ತದೆ. ಅದರ ಮೇಲೆ ಒಂದು ದೀಪಸ್ತಂಭ, ಬಿಳಿ ಬಣ್ಣ, ಮೇಲಿನವರೆಗೆ ಹತ್ತಬಹುದಂತೆ. ಲಿಫ್ಟ್ ಇಲ್ಲ, ಈ ಸಲ ಮೊದಲೇ ಕೇಳಿಕೊಂಡಿದ್ದೇನೆ. ನಾಡಿದ್ದಿಗೆ ಮೂರು ಟಿಕೆಟ್ ತೆಗೆದುಕೊಂಡಿದ್ದೇನೆ. ಅಕ್ಕ ಬರುತ್ತಾಳೆ. ಅಳುವ ಹಾಗಿದ್ದರೆ ದೋಣಿ ಹತ್ತುವ ಮುಂಚೆ ಅತ್ತು ಮುಗಿಸಬೇಕು ಅಂತ ಅವಳಿಗೆ ಹೇಳಿದ್ದೇನೆ, ನಿನಗೂ ಅದೇ ಮಾತು.

ದೋಣಿ ಹತ್ತೂಕಾಲಿಗೆ. ನಿನಗಾಗಿ ಹತ್ತೂ ಹದಿನಾಲ್ಕರವರೆಗೆ ದಂಡೆಯ ಮೇಲೆ ನಿಂತಿರುತ್ತೇನೆ. ಆಮೇಲೆ ನಾನು ಹತ್ತಿಬಿಡುತ್ತೇನೆ.

ಅಮ್ಮ